ಸವಣೂರಿನ ಸುಹರಾ ಜೋಡಿಸಿದ ಮಡಕೆ

ಪುತ್ತೂರು ಕಡೆಯ ಸವಣೂರು ಪೇಟೆಯಲ್ಲಿ ಬಸ್ಸಿಳಿದು "ಸುಹರಾ ಅವರ ಟೈಲರ್ ಅಂಗಡಿ ಎಲ್ಲಿ?" ಎಂದು ಯಾರನ್ನಾದರೂ ಕೇಳಿದರೆ, ಈಗ ದಾರಿ ಹೇಳುವ ಮೊದಲು ಒಂದು ಪ್ರಶ್ನೆ ಬರುತ್ತದೆ: "ಹೊಲಿಸ್ಲಿಕ್ಕಾ, ಮಡಕೆ ವಿಷಯಕ್ಕಾ?" ಕೆಲವು ವರ್ಷಗಳ ಹಿಂದೆ ಹೀಗೆ ಯಾರೂ ಕೇಳುತ್ತಿರಲಿಲ್ಲ. ಆಗ ಸುಹರಾ ಎಂದರೆ ಹೊಲಿಗೆಯ ಸುಹರಾ, ಅಷ್ಟೆ. ನಮ್ಮೂರಿನ ಈ ಹೆಂಗಸು ಮಡಕೆಯ ಸುಹರಾ ಆದದ್ದು ಹೇಗೆಂದು ನಾನು ಹತ್ತಿರದಿಂದ ನೋಡಿದ್ದೇನೆ. ಅದನ್ನು ಹೇಳುವುದೆಂದರೆ ನನಗೆ ಖುಷಿ.

ಸುಹರಾ ಹುಟ್ಟಿದ್ದು ಪೆರಾಬೆಯ ಒಂದು ಬ್ಯಾರಿ ಮುಸ್ಲಿಂ ಕುಟುಂಬದಲ್ಲಿ. ತಂದೆ ಸಂತೆಯಿಂದ ಸಂತೆಗೆ ಒಣಮೀನು ಮಾರುತ್ತಿದ್ದವರು. ಹೈಸ್ಕೂಲು ದೂರ ಎಂಬ ಕಾರಣಕ್ಕೆ ಏಳನೆಯ ತರಗತಿಗೆ ಸುಹರಾ ಅವರ ಶಾಲೆ ನಿಂತಿತು. ಮುಂದೆ ಪುತ್ತೂರಿನಲ್ಲಿ ಹೊಲಿಗೆ ಕಲಿತರು. ಮದುವೆಯಾದದ್ದು ಸವಣೂರಿನ ಸುಲೈಮಾನ್ ಅವರನ್ನು. ಸುಲೈಮಾನ್ ಸೌದಿಯ ದಮ್ಮಾಮಿನಲ್ಲಿ ಏಸಿ ರಿಪೇರಿ ಮಾಡುತ್ತಿದ್ದ ಅಷ್ಟೂ ವರ್ಷ ಸುಹರಾ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಅಂಗಡಿ ನಡೆಸಿದರು, ಎರಡು ಹೆಣ್ಣುಮಕ್ಕಳನ್ನು ಓದಿಸಿದರು. ಅವರ ಅಂಗಡಿಯಲ್ಲಿ ಬಟ್ಟೆಯ ಒಂದು ತುಂಡೂ ಹಾಳಾಗುತ್ತಿರಲಿಲ್ಲ. ಉಳಿದ ತುಂಡುಗಳನ್ನೆಲ್ಲ ಸೇರಿಸಿ ಸಣ್ಣ ಮಕ್ಕಳ ಫ್ರಾಕು ಹೊಲಿಯುವರು. ಒಂದು ತುಂಡಿನ ಅರ್ಧ ಹೂವಿಗೆ ಇನ್ನೊಂದು ತುಂಡಿನ ಅರ್ಧ ಹೂವು ಕೂಡಿಸಿದರೆ ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕು, ಹಾಗಿರುತ್ತಿತ್ತು.

ಸುಲೈಮಾನ್ ಗಲ್ಫ್ ಬಿಟ್ಟು ಊರಿಗೆ ಬಂದ ವರ್ಷವೇ ಶೀಲಾವತಿ ಟೀಚರ್ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು. ಸುಳ್ಯ ಕಡೆಯ ಅರೆಭಾಷೆ ಮಾತಾಡುವ ಮನೆಯವರು ಅವರು. ನಿವೃತ್ತಿಯ ತನಕ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವರು. ರಾಮಕುಂಜದಿಂದ ಪೆರಾಬೆಗೆ ಹೋಗುವ ದಾರಿಯಲ್ಲಿ ಮಕ್ಕಳಿಲ್ಲದೆ ಮುಚ್ಚಿಹೋದ ಒಂದು ಶಾಲೆಯ ಕಟ್ಟಡವನ್ನು ಪಂಚಾಯತಿನಿಂದ ಕೇಳಿ ಪಡೆದು, ಊರವರ ಮನೆಯ ಅಟ್ಟಗಳಲ್ಲಿ ಬಿದ್ದಿದ್ದ ನೇಗಿಲು, ಮರದ ಮರಿಗೆ, ಭತ್ತ ಅಳೆಯುವ ಸೇರು, ತಾಳೆಗರಿಯ ಕೊಡೆ ಎಲ್ಲ ತಂದು ಜೋಡಿಸಿಟ್ಟಿದ್ದರು. 'ಊರ ಸಂಗ್ರಹಾಲಯ' ಎಂದು ಬೋರ್ಡು. ಗಾಜಿನ ಪೆಟ್ಟಿಗೆಗಳಿಗೆ ಧೂಳು ಬೀಳದ ಹಾಗೆ ಬಟ್ಟೆಯ ಹೊದಿಕೆ ಬೇಕಿತ್ತು.

ಹೊದಿಕೆಗಳನ್ನು ಸುಹರಾ ತಾವೇ ಹೊತ್ತುಕೊಂಡು ಹೋಗಿ ಹೊದಿಸಿ ನೋಡಿದರು. ಆಮೇಲೆ ಕೋಣೆಗೆ ಒಂದು ಸುತ್ತು ಬಂದು ಕೇಳಿದರು, "ಟೀಚರೇ, ಎಲ್ಲ ಉಂಟು. ನಮ್ಮ ಬ್ಯಾರಿಗಳದ್ದು ಎಂತದ್ದೂ ಇಲ್ವಲ್ಲಾ?"

"ಯಾರೂ ಕೊಡ್ಲಿಲ್ಲ ಸುಹರಾ. ನನಗೆ ಯಾರ ಮನೆಯಲ್ಲಿ ಕೇಳುದು ಅಂತಲೂ ಗೊತ್ತಾಗ್ಲಿಲ್ಲ."

ಮುಂದಿನ ಆದಿತ್ಯವಾರ ಸುಹರಾ ಬಂದಾಗ ಕೈಯಲ್ಲಿ, ಹಿಂದೆ ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಅಜ್ಜಿಯ ಹಿತ್ತಾಳೆಯ ಪಾತ್ರೆ ಇತ್ತು. ಹುಳಿ ಹಾಕಿ ತಿಕ್ಕಿದ್ದರಿಂದ ಅದು ಹೊಳೆಯುತ್ತಿತ್ತು. ಟೀಚರ್ ಅದಕ್ಕೆ ಬಾಗಿಲಿನ ಎದುರಿನ ಜಾಗವನ್ನೇ ಕೊಟ್ಟರು. ಅದರ ಮುಂದಿನ ಆದಿತ್ಯವಾರ ಸುಹರಾ ಬರಿಗೈಯಲ್ಲಿ ಬಂದರು, ಸೆರಗು ಕಟ್ಟಿ ಕಪಾಟು ಒರೆಸಿದರು, ಬಂದ ಮಕ್ಕಳಿಗೆ ಪಾತ್ರೆಯ ಕತೆ ಹೇಳಿದರು. ಹಾಗೆ ಬರುವುದೇ ರೂಢಿಯಾಯಿತು. ಯಾರೂ ಕರೆದದ್ದಲ್ಲ, ಯಾರೂ ನೇಮಿಸಿದ್ದಲ್ಲ.

ಇದಾಗಿ ವರ್ಷ ಕಳೆದ ಮೇಲೆ ಪೆರಾಬೆಯ ಗುಡ್ಡೆಯಲ್ಲಿ ಕುಡಿಯುವ ನೀರಿನ ಪೈಪಿಗೆ ಕಣಿ ತೋಡುವಾಗ ಜೆಸಿಬಿಯ ಬಕೆಟು ಕೆಂಪು ಮುರಕಲ್ಲಿನ ಪದರ ಒಡೆದು ಟೊಳ್ಳು ಜಾಗಕ್ಕೆ ಇಳಿಯಿತು. ಒಳಗೆ ಗೂಡಿನ ಹಾಗೆ ದುಂಡಗೆ ಕೊರೆದ ಕೋಣೆ. ಬಕೆಟು ಮೇಲೆ ಬಂದಾಗ ಅದರ ತುಂಬ ಮಣ್ಣು ಮತ್ತು ಕೆಂಪು ಮಡಕೆಯ ಚೂರುಗಳು. "ನಿಧಿ ಸಿಕ್ಕಿತಂತೆ" ಎಂದು ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು? ಮಧ್ಯಾಹ್ನದೊಳಗೆ ಗುಡ್ಡೆಯಲ್ಲಿ ಜಾತ್ರೆಯಷ್ಟು ಜನ. ಚಿನ್ನ ಇರಲಿಲ್ಲ. ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಒಂದೊಂದು ಚೂರು ಹಿಡಿದುಕೊಂಡು ಹೋದರು. ಸಂಜೆಗೆ ಅಧಿಕಾರಿಗಳು ಬಂದು ಕೆಲಸ ನಿಲ್ಲಿಸುವಾಗ ಆಗಬೇಕಾದದ್ದು ಆಗಿಹೋಗಿತ್ತು.

ಮರುದಿನ ಮಂಗಳೂರಿನಿಂದ ಭವಿತಾ ಬಂದರು. ಪ್ರಾಚ್ಯವಸ್ತುಗಳ ಸಂಶೋಧನೆ ಮಾಡುವ ಇನ್ನೂ ಸಣ್ಣ ಪ್ರಾಯದ ಹೆಂಗಸು. ಕಣಿಗೆ ಇಳಿದು ನೋಡಿ, ಮೇಲೆ ಬಂದು ಸೇರಿದ್ದವರಿಗೆ ಹೇಳಿದರು: ಇದು ಕಬ್ಬಿಣದ ಯುಗದ ಸಮಾಧಿ, ಎರಡು ಸಾವಿರ ವರ್ಷಕ್ಕಿಂತಲೂ ಹಳೆಯದು ಇರಬಹುದು. ಸತ್ತವರ ಎಲುಬುಗಳನ್ನು, ಅವರು ಬಳಸಿದ ಸಾಮಾನುಗಳನ್ನು ಹೀಗೆ ಕಲ್ಲಿನ ಕೋಣೆಯಲ್ಲಿ ಇಟ್ಟು ಮೇಲೆ ಚಪ್ಪಡಿ ಮುಚ್ಚುತ್ತಿದ್ದರು. ಪ್ರಾಚ್ಯವಸ್ತು ಇಲಾಖೆಯ ಅನುಮತಿ ಬಂದ ಮೇಲೆ ಅಗೆದು ಹಾಕಿದ ಮಣ್ಣನ್ನು ಜರಡಿ ಹಿಡಿಯಲು ಊರವರೇ ಸೇರಿದರು. ನಾನೂ ಹೋಗಿದ್ದೆ. ಸುಹರಾ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದು ಜರಡಿ ಹಿಡಿದರು. ತುಕ್ಕು ಹಿಡಿದ ಒಂದು ಚೂರಿ ಸಿಕ್ಕಿತು, ಕೆಲವು ಮಣಿ ಸಿಕ್ಕಿದವು, ಮಡಕೆಯ ಚೂರುಗಳು ಬುಟ್ಟಿ ತುಂಬ ಸಿಕ್ಕಿದವು. ಅದರಲ್ಲಿ ಮುಷ್ಟಿಯಷ್ಟು ದಪ್ಪದ ಗಿಡ್ಡ ಕಾಲುಗಳನ್ನು ಕಂಡು ಭವಿತಾ ಅವರ ಮುಖ ಅರಳಿತು.

"ಇದು ಕಾಲಿರುವ ಮಡಕೆ. ನಾಲ್ಕು ಕಾಲು ಇರಬೇಕು. ಪೂರ್ತಿ ಸಿಕ್ಕಿದ್ರೆ ಬಹಳ ಅಪರೂಪ. ಆದ್ರೆ ಅರ್ಧಕ್ಕರ್ಧ ಇಲ್ಲವೇ ಇಲ್ಲ."

ಇಲ್ಲದ್ದು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಶೀಲಾವತಿ ಟೀಚರ್ ಪಂಚಾಯತಿನ ಸೂಚನೆ ಹಿಡಿದುಕೊಂಡು ಮನೆಮನೆಗೆ ಹೋದರು. ನೆಲದೊಳಗಿಂದ ಸಿಕ್ಕಿದ್ದು ಸರ್ಕಾರದ್ದು, ವಾಪಸು ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಓದಿದವರೆಲ್ಲ, "ನಮ್ಮಲ್ಲಿ ಎಂತ ಇಲ್ಲ ಟೀಚರೇ" ಎಂದರು. ಪೊಲೀಸಿನ ಹೆದರಿಕೆ.

"ಆ ಕಾಗದ ನೀವೇ ಇಟ್ಕೊಳ್ಳಿ," ಎಂದರು ಸುಹರಾ. "ನಾನು ಒಮ್ಮೆ ಹೋಗಿ ಬರ್ತೇನೆ."

ಆ ಗುಡ್ಡೆಯ ಸುತ್ತಲಿನ ಯಾವ ಮನೆಯೂ ಅವರಿಗೆ ಹೊಸದಲ್ಲ. ಯಾರ ಮಗಳ ಮದುವೆಯ ರವಿಕೆ ಹೊಲಿದಿದ್ದಾರೆ, ಯಾರ ಮೊಮ್ಮಗನ ಯೂನಿಫಾರ್ಮು ಉದ್ದ ಬಿಡಿಸಿ ಕೊಟ್ಟಿದ್ದಾರೆ, ಎಲ್ಲ ನೆನಪಿದೆ. ಹೋದಲ್ಲೆಲ್ಲ ಕೂತು ಚಾ ಕುಡಿದರು. ಮಡಕೆಯ ಮಾತು ಮೊದಲು ಎತ್ತಲಿಲ್ಲ. ಕೊನೆಗೆ ಏಳುವಾಗ, "ಅದೊಂದು ದೊಡ್ಡ ಮಡಕೆ ಉಂಟಲ್ಲ, ಅದನ್ನು ಕೂಡಿಸ್ಬೇಕು ಅಂತ ಆಸೆ ನನಗೆ. ತುಂಡೇ ಇಲ್ಲ ಮಾರಾಯ್ರೆ," ಎನ್ನುವರು. ಮನೆಯ ಹೆಂಗಸು ಗಂಡನ ಮುಖ ನೋಡುವಳು. ಗಂಡ ಮೇಲೆ ಮಾಡಿನ ಹಂಚು ನೋಡುವನು. ಆಮೇಲೆ ಒಳಗಿನಿಂದ ಚೂರು ಬರುವುದು.

ಒಂದು ಮನೆಯಲ್ಲಿ ಅದರಲ್ಲಿ ಕೋಳಿಗೆ ನೀರಿಟ್ಟಿದ್ದರು. ಇನ್ನೊಂದು ಮನೆಯಲ್ಲಿ ತುಳಸಿಯ ಬುಡದಲ್ಲಿ ಇಟ್ಟು ದಿನಾ ಹೂವು ಹಾಕುತ್ತಿದ್ದರು. ಅವರು ಕೊಡುವ ಮೊದಲು ಕೈಮುಗಿದು ಕೊಟ್ಟರು. ಸುಹರಾ ಎರಡೂ ಕೈಯಲ್ಲಿ ತೆಗೆದುಕೊಂಡರು. ಒಬ್ಬ ರಿಕ್ಷಾದವನು ತನ್ನ ಚೂರನ್ನು ಗಾಡಿಯ ಸೀಟಿನಡಿಯಲ್ಲಿ ಇಟ್ಟುಕೊಂಡು ಬಾಡಿಗೆ ಹೆಚ್ಚಾಗುತ್ತದೋ ಎಂದು ಕಾಯುತ್ತಿದ್ದ. "ಹೆಚ್ಚಾಯ್ತಾ?" ಎಂದು ಸುಹರಾ ಕೇಳಿದರು. "ಎಲ್ಲಿಂದ ಸುಹರಾಕ್ಕ, ಟಯರ್ ಪಂಚರ್ ಆದದ್ದೇ ಲಾಭ," ಎಂದು ನಗುತ್ತಾ ತೆಗೆದುಕೊಟ್ಟ. ಒಂದು ಚೀಲ ತುಂಬಿ ಎರಡನೆಯ ಚೀಲವೂ ತುಂಬುತ್ತಾ ಬಂತು.

ಕೊಡದೆ ಉಳಿದವರು ಕದೀಜಮ್ಮ ಒಬ್ಬರೇ. ಅವರ ಹತ್ತಿರ ಮಡಕೆಯ ನಾಲ್ಕನೆಯ ಕಾಲು ಇತ್ತು, ಅದಕ್ಕೆ ಅಂಟಿಕೊಂಡೇ ತಳದ ದೊಡ್ಡ ಭಾಗ. ಅದು ಮನೆಗೆ ಬಂದ ವಾರವೇ ಮೊಮ್ಮಗ ಆಶಿಕ್‌ಗೆ ಕತಾರಿನ ವೀಸಾ ಬಂದಿತ್ತು.

"ಇದು ಬರ್ಕತ್ತಿನದ್ದು ಮಗಳೇ, ಮನೆಗೆ ಒಳ್ಳೇದು ತಂದದ್ದು. ನೀನು ಬೇರೆ ಎಂತ ಬೇಕಾದ್ರೂ ಕೇಳು. ಇದನ್ನು ಮಾತ್ರ ಕೇಳ್ಬೇಡ."

"ಆಯ್ತು ಉಮ್ಮಾ, ಕೇಳುದಿಲ್ಲ," ಎಂದು ಸುಹರಾ ಎದ್ದು ಬಂದರು. ಮತ್ತೆ ಕೇಳಲೂ ಇಲ್ಲ.

ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಕೆಲಸ ಶುರುವಾಯಿತು. ಭವಿತಾ ವಾರಕ್ಕೊಮ್ಮೆ ಬಂದು ಕಲಿಸಿದರು: ಮೆತ್ತನೆಯ ಬ್ರಷ್ಷಿನಲ್ಲಿ ತೊಳೆಯಬೇಕು, ನೆರಳಲ್ಲಿ ಒಣಗಿಸಬೇಕು, ಎಲ್ಲಿ ಸಿಕ್ಕಿತೆಂದು ಒಳಬದಿಯಲ್ಲಿ ಸಣ್ಣಗೆ ಗುರುತು ಹಾಕಬೇಕು, ಮರಳಿನ ತಟ್ಟೆಯಲ್ಲಿ ನಿಲ್ಲಿಸಿ ಅಂಚಿಗೆ ಅಂಚು ಹೊಂದುತ್ತದಾ ನೋಡಬೇಕು. ಅಂಟು ಹಾಕುವುದು ಎಲ್ಲಕ್ಕಿಂತ ಕೊನೆಗೆ. ಅದೂ ಬೇಕಾದಾಗ ಬಿಡಿಸಲು ಬರುವಂಥ ಅಂಟೇ ಆಗಬೇಕು. ಸುಹರಾ ಕನ್ನಡಕ ಏರಿಸಿ ಒಂದೊಂದನ್ನೂ ಕೇಳಿ ಕಲಿತರು. ಹೊರಬದಿಯ ಗೀರುಗಳನ್ನು, ಸುಟ್ಟ ಮಣ್ಣಿನ ಬಣ್ಣ ಎಲ್ಲಿ ಕಪ್ಪಾಗಿ ಎಲ್ಲಿ ಕೆಂಪಾಗುತ್ತದೆ ಎಂಬುದನ್ನು ನೋಡಿ ನೋಡಿ ತುಂಡಿಗೆ ತುಂಡು ಹುಡುಕುವುದರಲ್ಲಿ ಅವರಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

"ನನ್ನ ಅಂಗಿಯ ಬಟನ್ ಬಿದ್ದು ಎಷ್ಟು ದಿನ ಆಯ್ತು ಗೊತ್ತುಂಟಾ ನಿನಗೆ?" ಎಂದು ಮನೆಯಲ್ಲಿ ಸುಲೈಮಾನ್ ಕೇಳಿದರು.

"ಅಂಗಿ ನಾಳೆಯೂ ಇರ್ತದೆ."

"ಮಡಕೆ ಎರಡು ಸಾವಿರ ವರ್ಷ ಇತ್ತಂತಲ್ಲ. ಅದು ನಾಳೆ ಇರುದಿಲ್ವಾ?"

ಸುಹರಾ ನಕ್ಕುಬಿಟ್ಟರು. ಆದರೆ ಹೆಂಡತಿ ದಿನವಿಡೀ ತುಂಡುಗಳ ಸುತ್ತ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡು ಬರುವುದನ್ನು ಸುಲೈಮಾನ್ ನೋಡಿದ್ದರು. ಊರಿಗೆ ಬಂದ ಮೇಲೆ ಮಾಡಲು ಕೆಲಸವಿಲ್ಲದೆ ಅವರಿಗೂ ಬೇಜಾರಾಗಿತ್ತು. ಹಳೆಯ ಫ್ಯಾನಿನ ಬೇರಿಂಗಿನ ಮೇಲೆ ದುಂಡು ಹಲಗೆ ಕೂರಿಸಿ ಒಂದು ತಿರುಗುವ ಪೀಠ ಮಾಡಿದರು. ಬೆರಳಲ್ಲಿ ಮುಟ್ಟಿದರೆ ಸಾಕು, ಸದ್ದಿಲ್ಲದೆ ತಿರುಗುತ್ತದೆ. ಇನ್ನು ಮಡಕೆಯ ಸುತ್ತ ಸುಹರಾ ಸುತ್ತಬೇಕಾಗಿಲ್ಲ. ಮರುದಿನದಿಂದ ಸುಲೈಮಾನ್ ಕೂಡ ಸಂಗ್ರಹಾಲಯದ ಖಾಯಂ ಗಿರಾಕಿ.

ಎಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಮಡಕೆಯ ಹೊಟ್ಟೆಯ ಭಾಗ ಮುಗಿದು ಕೊರಳಿಗೆ ಬಂದಾಗ ಕೊನೆಯ ತುಂಡು ಕೂರಲಿಲ್ಲ. ಉಗುರಿನಷ್ಟು ಹೆಚ್ಚಾಯಿತು. ಎತ್ತಲಿಂದ ಇಟ್ಟರೂ ಅಷ್ಟೆ. ಭವಿತಾ ಬಂದು ಬೆಳಕಿಗೆ ತಿರುಗಿಸಿ ನೋಡಿದರು.

"ಸುಹರಾಕ್ಕ, ಕೆಳಗೆ ಎಲ್ಲೋ ಒಂದು ಜೋಡಣೆ ಕೂದಲೆಳೆಯಷ್ಟು ತಪ್ಪಿದೆ. ಅದೇ ಮೇಲೆ ಬರ್ತಾ ಬರ್ತಾ ದೊಡ್ಡದಾಗಿದೆ."

"ಅಂದ್ರೆ?"

"ಬಿಡಿಸ್ಬೇಕು."

"ಎಲ್ಲಾ?"

"ತಳದವರೆಗೆ."

ಸುಹರಾ ಹೊರಗೆ ಹೋಗಿ ಶಾಲೆಯ ಜಗಲಿಯಲ್ಲಿ ಕೂತರು. ಎಷ್ಟೋ ತಿಂಗಳ ಕೆಲಸ. ಕಣ್ಣಲ್ಲಿ ನೀರು ಬಂತು ಎಂದು ಅವರೇ ನನಗೆ ಹೇಳಿದ್ದಾರೆ. ಶೀಲಾವತಿ ಟೀಚರ್ ಬಂದು ಪಕ್ಕದಲ್ಲಿ ಕೂತರು. ಸುಹರಾ ತಾವೇ ಹೇಳಿದರು, "ಮದುಮಗಳ ಅಂಗಿ ಒಂದು ಬದಿ ಎಳೆದ್ರೆ ನಾನು ಹಾಗೇ ಕೊಡ್ತೇನಾ ಟೀಚರೇ? ಪೂರ್ತಿ ಬಿಚ್ಚಿ ಹೊಲಿಯುದಿಲ್ವಾ?" ಮುಖ ತೊಳೆದು ಒಳಗೆ ಹೋಗಿ ಮೊದಲ ಜೋಡಣೆಗೆ ಹತ್ತಿಯಲ್ಲಿ ಅಂಟು ಬಿಡಿಸುವ ದ್ರಾವಣ ಹಚ್ಚಿದರು.

ಎರಡನೆಯ ಸಲ ಕೈ ಹದಕ್ಕೆ ಬಂದಿತ್ತು. ಕೊರಳೂ ಸರಿಯಾಗಿ ಕೂತಿತು. ಆದರೆ ಮಡಕೆ ಮೂರೇ ಕಾಲಿನಲ್ಲಿ ಒಂದು ಬದಿಗೆ ಮರಳಿನ ಮೂಟೆ ಆನಿಸಿಕೊಂಡು ನಿಂತಿತ್ತು. ಆಗ ಒಂದು ಆದಿತ್ಯವಾರ ಕದೀಜಮ್ಮ ಬಂದರು. ಬರೀ ನೋಡಿ ಹೋಗಲು ಬನ್ನಿ ಎಂದು ಸುಹರಾ ಹಿಂದೆಯೇ ಕರೆದಿದ್ದರು. ಕೋಲೂರಿಕೊಂಡು ಒಳಗೆ ಬಂದ ಆ ಮುದುಕಿ ಮಡಕೆಯ ಎದುರು ನಿಂತರು. ಅದು ತನ್ನ ಸೊಂಟದಷ್ಟು ಎತ್ತರ ಇದೆಯೆಂದು ಅವರು ನೆನೆಸಿರಲಿಲ್ಲ.

"ಇದರಲ್ಲಿ ಎಂತ ಇಡ್ತಿದ್ದದ್ದು?"

"ಸತ್ತವರ ಎಲುಬು ಉಮ್ಮಾ. ಅದು ಹುಗಿಯುವ ಜಾಗ, ಖಬರಿನದ್ದು."

ಕದೀಜಮ್ಮ ಕೋಲನ್ನು ಗೋಡೆಗೆ ಆನಿಸಿ ಮಡಕೆಯ ಹತ್ತಿರ ಬಗ್ಗಿದರು. ಆಮೇಲೆ ಮೆಲ್ಲಗೆ, "ಗಂಡಸಾ ಹೆಂಗಸಾ?" ಎಂದು ಕೇಳಿದರು.

"ಗೊತ್ತಿಲ್ಲ. ಮಣಿ ಸಿಕ್ಕಿದೆ. ಹೆಂಗಸೂ ಇರ್ಬಹುದು."

"ಯಾರೋ ಅತ್ತು ಇಟ್ಟದ್ದು," ಎಂದರು ಕದೀಜಮ್ಮ. ಅಷ್ಟೇ ಹೇಳಿ ಹೊರಟುಹೋದರು.

ಮರುದಿನ ಬೆಳಿಗ್ಗೆ ಸವಣೂರಿನ ಅಂಗಡಿಯ ಎದುರು ರಿಕ್ಷಾ ನಿಂತಿತು. ಕದೀಜಮ್ಮ ಮಡಿಲಲ್ಲಿ ಬಿಳಿ ಬಟ್ಟೆ ಸುತ್ತಿದ ಗಂಟು ಇಟ್ಟುಕೊಂಡು ಕೂತಿದ್ದರು. ಇಳಿಯಲಿಲ್ಲ. "ಖಬರಿನದ್ದನ್ನು ನಾನು ಮನೆಯಲ್ಲಿ ಇಟ್ಕೊಂಡದ್ದು ತಪ್ಪು ಮಗಳೇ. ಆಶಿಕ್‌ಗೂ ಫೋನ್ ಮಾಡಿ ಹೇಳಿದೆ. ಅವನೂ ಕೊಡಿ ಅಂದ. ಆ ಹೆಂಗಸಿನ ಸಾಮಾನು ಪೂರ್ತಿ ಮಾಡು." ಸುಹರಾ ಅಂಗಡಿಗೆ ಬೀಗ ಹಾಕಿ ಅದೇ ರಿಕ್ಷಾದಲ್ಲಿ ಕದೀಜಮ್ಮನ ಪಕ್ಕ ಕೂತು ಸಂಗ್ರಹಾಲಯಕ್ಕೆ ಹೋದರು. ತುಂಡನ್ನು ತೊಳೆದು ಒಣಗಿಸಿ, ಭವಿತಾ ಬಂದ ದಿನ ಅಂಟಿಲ್ಲದೆ ಹಿಡಿದು ನೋಡಿದರು. ಅದು ಸಣ್ಣ ಸದ್ದು ಮಾಡಿ ತನ್ನ ಜಾಗಕ್ಕೆ ಕೂತಿತು. ಅಂಟು ಒಣಗಿದ ಮೇಲೆ ಸುಲೈಮಾನ್ ಮರಳಿನ ಮೂಟೆ ತೆಗೆದರು. ಮಡಕೆ ನಾಲ್ಕೂ ಕಾಲಿನಲ್ಲಿ ನಿಂತಿತು. ಕೋಣೆಯಲ್ಲಿದ್ದವರು ಚಪ್ಪಾಳೆ ಹೊಡೆದರು. ಸುಹರಾ ಮಾತ್ರ ಪೀಠವನ್ನು ಬೆರಳಲ್ಲಿ ತಿರುಗಿಸಿ, ಒಂದು ಸುತ್ತು ಪೂರ್ತಿ ನೋಡಿ, ಆಮೇಲೆ "ಹೂಂ" ಎಂದರು.

ಇಷ್ಟಾದ ಮೇಲೆ, ಮಡಕೆಯನ್ನು ನಗರದ ಉಗ್ರಾಣಕ್ಕೆ ಒಯ್ಯುತ್ತಾರೆ ಎಂಬ ಮಾತು ಬಂತು. ಇಲಾಖೆಯದ್ದು ತಪ್ಪೆಂದು ಹೇಳುವ ಹಾಗಿರಲಿಲ್ಲ. ಇಂಥದ್ದನ್ನು ಭದ್ರವಾದ ಕಟ್ಟಡದಲ್ಲಿಡಬೇಕು. ಇಲ್ಲಿಯ ಕಿಟಕಿಗಳಿಗೆ ಸರಿಯಾದ ಸರಳೂ ಇರಲಿಲ್ಲ, ಒಂದು ಗೋಡೆಗೆ ಗೆದ್ದಲು ಹಿಡಿದಿತ್ತು. ಶೀಲಾವತಿ ಟೀಚರ್ ಮತ್ತು ಸುಹರಾ ಹೋಗಿ ಅಧಿಕಾರಿಯನ್ನು ಕಂಡು, ಕಟ್ಟಡ ಸರಿಮಾಡಿದರೆ ಊರಲ್ಲೇ ಬಿಡುತ್ತೀರಾ ಎಂದು ಕೇಳಿದರು. ಬಂದು ನೋಡಿ ಹೇಳುತ್ತೇನೆ ಎಂದರು ಅವರು.

ನಾನು ಇಷ್ಟು ವರ್ಷದಲ್ಲಿ ನಮ್ಮೂರವರು ಹಾಗೆ ಸೇರಿದ್ದನ್ನು ಕಂಡಿಲ್ಲ. ಚೂರು ಹೊತ್ತುಕೊಂಡು ಹೋದ ಮನೆಗಳವರೇ ಮೊದಲು ಬಂದರು. ಕೋಳಿಗೆ ನೀರಿಟ್ಟಿದ್ದವರು ಗೋಡೆಗೆ ಗಾರೆ ಮಾಡಿದರು. ತುಳಸಿಯ ಬುಡದಲ್ಲಿಟ್ಟಿದ್ದ ಮನೆಯ ಉಲ್ಲಾಸ್ ವೆಲ್ಡಿಂಗ್ ಕಲಿತವನು. ಕಿಟಕಿಗೆ ಸರಳು ಹಾಕಿದ. ಮಡಕೆಗೆ ದಪ್ಪ ಗಾಜಿನ ಪೆಟ್ಟಿಗೆ ಆಯಿತು. ಅಧಿಕಾರಿ ಬಂದು ಬೀಗ, ಗೋಡೆ, ಕಿಟಕಿ ಎಲ್ಲ ಪರೀಕ್ಷಿಸಿ, ಕೊನೆಗೆ ಮಡಕೆಯ ಹತ್ತಿರ ನಿಂತರು. ಸಿಗದೇ ಹೋದ ಭಾಗಗಳಿಗೆ ತುಂಬಿದ ಬೇರೆ ಬಣ್ಣದ ಮಣ್ಣನ್ನು, ಅಂಚುಗಳನ್ನು ಬಗ್ಗಿ ನೋಡಿದರು.

"ಇದನ್ನು ಯಾವ ಲ್ಯಾಬಿನಲ್ಲಿ ಮಾಡಿಸಿದ್ದು?"

"ಇಲ್ಲೇ ಸರ್," ಎಂದರು ಭವಿತಾ. "ಹೇಳಿಕೊಟ್ಟದ್ದು ನಾನು. ಜೋಡಿಸಿದ್ದು ಸುಹರಾಕ್ಕ. ನನ್ನ ಕೈಯಲ್ಲಿ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ."

ಅಧಿಕಾರಿ ಸುಹರಾ ಅವರ ಕಡೆ ತಿರುಗಿ ನಮಸ್ಕಾರ ಮಾಡಿದರು. ವರ್ಷಕ್ಕೊಮ್ಮೆ ತಪಾಸಣೆ, ಜವಾಬ್ದಾರಿಗೆ ಒಂದು ಸಮಿತಿ ಎಂಬ ಷರತ್ತಿನ ಮೇಲೆ ಮಡಕೆ ಊರಲ್ಲೇ ಉಳಿಯಿತು.

ಪ್ರದರ್ಶನ ತೆರೆದ ದಿನ ಗಾಜಿನ ಪೆಟ್ಟಿಗೆಯ ಕೆಳಗೆ ಭವಿತಾ ಬರೆಸಿದ ಫಲಕ ಇತ್ತು. ಕಾಲ, ಸಿಕ್ಕಿದ ಜಾಗ, ಅದರ ಕೆಳಗೆ 'ಜೋಡಿಸಿದವರು: ಸುಹರಾ, ಸವಣೂರು'. ಜನ ಪೆಟ್ಟಿಗೆಯ ಸುತ್ತ ನಿಂತು, "ಅದು ನಮ್ಮ ಮನೆಯ ತುಂಡು," "ಅಲ್ಲ, ನಿಮ್ಮದು ಅದರ ಮೇಲಿನದ್ದು," ಎಂದು ವಾದ ಮಾಡುತ್ತಿದ್ದರು. ಸುಹರಾ ಅವರನ್ನು ಮಾತಾಡಲು ಕರೆದಾಗ ಅವರು ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಮೈಕ್ ಬೇಡವೆಂದರು.

"ಜೋಡಿಸಿದ್ದು ನಾನು ಅಂತ ಬರ್ದಿದ್ದಾರೆ. ಹೌದು, ನಾನೇ. ನನಗೆ ತುಂಬ ಹೆಮ್ಮೆ ಉಂಟು, ಸುಳ್ಳು ಯಾಕೆ ಹೇಳುದು? ಆದ್ರೆ ತುಂಡು ಕೊಟ್ಟದ್ದು ನೀವು. ನೀವು ಕೊಡದಿದ್ರೆ ನಾನು ಎಂತ ಜೋಡಿಸುದು? ಇನ್ನು ಗುಡ್ಡೆಯಲ್ಲಿ ಎಂತಾದರೂ ಕಂಡ್ರೆ ಮುಟ್ಬೇಡಿ. ನಮಗೆ ಬಂದು ಹೇಳಿ."

ಮುಂದಿನ ಸಾಲಿನಲ್ಲಿದ್ದ ಸುಲೈಮಾನ್ ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ಹೊಡೆದರು. ಸುಹರಾ ಕೂತ ಮೇಲೂ ನಿಲ್ಲಿಸಲಿಲ್ಲ.

ಈಚೆಗೆ ಸುಳ್ಯದ ಕಡೆ ರಸ್ತೆ ಅಗಲ ಮಾಡುವಾಗ ಮಡಕೆಗಳು ಕಂಡವು. ಈ ಸಲ ಯಾರೂ ಹೊತ್ತುಕೊಂಡು ಹೋಗಲಿಲ್ಲ. ನಮ್ಮ ಮಡಕೆಯ ಕತೆ ಕೇಳಿದ್ದ ಕೆಲಸದವರೇ ಯಂತ್ರ ನಿಲ್ಲಿಸಿ ಸಂಗ್ರಹಾಲಯಕ್ಕೆ ಫೋನ್ ಮಾಡಿದರು. ಅಲ್ಲಿಯ ಹೆಂಗಸರಿಗೆ ಜೋಡಣೆ ಕಲಿಸಲು ಭವಿತಾ ಕರೆದದ್ದು ಸುಹರಾ ಅವರನ್ನು. ನಾನೂ ಜೊತೆಗೆ ಹೋಗಿದ್ದೆ. ಸಭಾಭವನದ ಉದ್ದದ ಮೇಜಿನ ಸುತ್ತ ಕೂತು ಅರೆಭಾಷೆಯಲ್ಲಿ ಹರಟುತ್ತಿದ್ದವರು ಸುಹರಾ ಬಂದಾಗ ಎದ್ದು ನಿಂತರು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಮೊದಲು ಅಂಟಿಲ್ಲದೆ ಕೂರಿಸಿ ನೋಡುದು. ಅವಸರ ಬೇಡ," ಎಂದು ಸುಹರಾ ತುಂಡುಗಳನ್ನು ಹಂಚಿದರು. ಸುರಕ್ಷಾ ಎಂಬ ಹುಡುಗಿಯ ಕೈಯಲ್ಲಿ ಎರಡು ಚೂರು ಒಂದಕ್ಕೊಂದು ಹೊಂದಿದಾಗ ಅವಳು ಕೂಗಿಯೇಬಿಟ್ಟಳು. ಮಧ್ಯಾಹ್ನ ಊಟಕ್ಕೆ ಕರೆದರೂ ಯಾರೂ ಮೇಜು ಬಿಟ್ಟು ಏಳಲಿಲ್ಲ. ಸುಹರಾ ಒತ್ತಾಯಿಸಲಿಲ್ಲ, ತಾವೂ ಒಂದು ಸ್ಟೂಲ್ ಎಳೆದುಕೊಂಡು ಅವರ ನಡುವೆ ಕೂತರು.